ಎಳೆಗರುಳಿನ ನೀರುಗಂಟಿ

ಮಗು ಹುಟ್ಟಿದೊಡನೆ ಮನೆಮಂದಿಯೆಲ್ಲ ಕಿವಿಗೊಡುವುದು ಅದರ ಮೊದಲ ಅಳುವಿಗೆ. ಅಳು ಕೇಳಿಸಿತೆಂದರೆ ಶ್ವಾಸಕೋಶಗಳು ಬಿಚ್ಚಿಕೊಂಡವು, ಉಸಿರಾಟ ಮೊದಲಾಯಿತು ಎಂದರ್ಥ. ಆದರೆ ಅದೇ ವೇಳೆಯಲ್ಲಿ ಕೂಸಿನ ಹೊಟ್ಟೆಯೊಳಗೆ ಅಷ್ಟೇ ಮಹತ್ತ್ವದ ಮತ್ತೊಂದು ಮಾರ್ಪಾಟು ಯಾವ ಸದ್ದೂ ಇಲ್ಲದೆ ಆರಂಭವಾಗಿರುತ್ತದೆ. ಒಂಬತ್ತು ತಿಂಗಳ ಕಾಲ ಬಹುಮಟ್ಟಿಗೆ ಬಿಡುವಾಗಿದ್ದ ಕರುಳು ಇನ್ನು ಕೆಲವೇ ಗಂಟೆಗಳಲ್ಲಿ ಇಡೀ ದೇಹದ ಅಡುಗೆಮನೆಯಾಗಿ ನಿಲ್ಲಬೇಕು.

ಗರ್ಭದಲ್ಲಿರುವ ಶಿಶುವಿಗೆ ಬೇಕಾದ ಪೋಷಣೆಯೂ ಆಮ್ಲಜನಕವೂ ತಾಯಿಯ ರಕ್ತದಿಂದ ಮಾಸಿನ ಮೂಲಕ ಹೊಕ್ಕುಳಬಳ್ಳಿಯಲ್ಲಿ ಹರಿದುಬರುತ್ತವೆ. ಶಿಶು ತನ್ನನ್ನು ಸುತ್ತುವರಿದ ಗರ್ಭಜಲವನ್ನು ಆಗಾಗ ನುಂಗುವುದುಂಟು. ಅದರಿಂದ ಕರುಳಿನ ಬೆಳವಣಿಗೆಗೆ ನೆರವಾಗುವುದೇ ಹೊರತು ಹೊಟ್ಟೆ ತುಂಬುವುದಿಲ್ಲ. ಹೀಗಾಗಿ ಗರ್ಭಸ್ಥ ಶಿಶುವಿನ ಗುಂಡಿಗೆಯು ತಳ್ಳುವ ನೆತ್ತರಿನಲ್ಲಿ ದೊಡ್ಡ ಪಾಲು ಮಾಸಿಗೆ ಹೋಗುತ್ತದೆ. ಕರುಳಿಗೆ ದೊರೆಯುವುದು ಅಲ್ಪಭಾಗ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಬಳಿಕ ಈ ಲೆಕ್ಕವೆಲ್ಲ ತಿರುಗಿ ಬೀಳುತ್ತದೆ. ಹಾಲನ್ನು ಜೀರ್ಣಿಸಬೇಕು, ಅದರ ಸಾರವನ್ನು ಹೀರಬೇಕು, ಜತೆಗೆ ಕರುಳೇ ದಿನದಿನಕ್ಕೆ ಬೆಳೆಯಬೇಕು. ಇಷ್ಟು ಕೆಲಸಕ್ಕೆ ಧಾರಾಳವಾದ ರಕ್ತಸಂಚಾರ ಬೇಕು. ಅದನ್ನು ಒದಗಿಸಿಕೊಡುವವರಲ್ಲಿ ಮುಖ್ಯವಾದುದು ಒಂದು ಅನಿಲ. ಅದರ ಹೆಸರು ನೈಟ್ರಿಕ್ ಆಕ್ಸೈಡ್.

ಕಿರುಗಾಲುವೆಗಳ ಲೆಕ್ಕ

ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ನೀರುಗಂಟಿಯದು. ಕೆರೆ ಕೋಡಿ ಬಿದ್ದಿದ್ದರೂ ಅವನು ತೂಬು ತೆರೆಯದಿದ್ದರೆ ಗದ್ದೆಗೆ ನೀರಿಲ್ಲ. ಹಗಲಿರುಳು ತೆರೆದೇ ಇಟ್ಟರೆ ಪೈರು ಕೊಳೆಯುತ್ತದೆ. ಯಾವ ಗದ್ದೆಗೆ ಯಾವಾಗ ಎಷ್ಟು ಎಂಬುದನ್ನು ಬಲ್ಲವನೇ ನೀರುಗಂಟಿ.

ದೇಹದ ಏರ್ಪಾಡೂ ಇದಕ್ಕಿಂತ ಬೇರೆಯಲ್ಲ. ಗುಂಡಿಗೆಯಿಂದ ಹೊರಟ ಮಹಾಧಮನಿಯಿಂದ ಕರುಳಿನ ಕಡೆಗೆ ದೊಡ್ಡ ಕವಲುಗಳು ಒಡೆಯುತ್ತವೆ. ಅವು ಮತ್ತೆ ಮತ್ತೆ ಕವಲೊಡೆದು ಕೊನೆಗೆ ಕೂದಲೆಳೆಯಷ್ಟು ಸಣ್ಣ ಕಿರುಧಮನಿಗಳಾಗುತ್ತವೆ. ಈ ಕಿರುಧಮನಿಗಳ ಗೋಡೆಯಲ್ಲಿ ಬಳೆಯಂತೆ ಸುತ್ತಿಕೊಂಡ ಸ್ನಾಯುಗಳಿವೆ. ಸ್ನಾಯು ಬಿಗಿದರೆ ದಾರಿ ಕಿರಿದಾಗುತ್ತದೆ, ಸಡಿಲಿದರೆ ಹಿರಿದಾಗುತ್ತದೆ. ಕರುಳಿಗೆ ಹೋಗುವ ರಕ್ತದ ಪ್ರಮಾಣ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಬಿಗಿತ ಸಡಿಲಿಕೆಗಳಿಂದಲೇ.

ಇಲ್ಲೊಂದು ಗಣಿತದ ಸೋಜಿಗವಿದೆ. 1840ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೇಯ್ ಕಿರಿದಾದ ಕೊಳವೆಗಳಲ್ಲಿ ದ್ರವಗಳು ಹರಿಯುವ ಬಗೆಯನ್ನು ಅಳೆದು ಒಂದು ನಿಯಮವನ್ನು ಕಂಡುಕೊಂಡ. ಅದರ ಪ್ರಕಾರ, ಒತ್ತಡ ಒಂದೇ ಆಗಿದ್ದು ಕೊಳವೆಯ ಅಗಲ ಇಮ್ಮಡಿಯಾದರೆ ಹರಿವು ಇಮ್ಮಡಿಯಾಗುವುದಿಲ್ಲ, ಹದಿನಾರು ಮಡಿಯಾಗುತ್ತದೆ. ಅಗಲವು ನೂರಕ್ಕೆ ಹತ್ತರಷ್ಟು ಮಾತ್ರ ಕುಗ್ಗಿದರೂ ಹರಿವು ಮೂರರಲ್ಲೊಂದು ಭಾಗದಷ್ಟು ಇಳಿದುಹೋಗುತ್ತದೆ. ರಕ್ತನಾಳಗಳಲ್ಲಿ ಈ ನಿಯಮ ಅಕ್ಷರಶಃ ಅನ್ವಯಿಸದಿದ್ದರೂ ಅದರ ತಿರುಳು ಅಲ್ಲಿಯೂ ನಿಜವೇ. ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಸ್ನಾಯುಬಳೆಯೊಂದರ ಹಿಡಿತವು ಎಳೆಯ ಕರುಳಿನ ಭವಿಷ್ಯವನ್ನೇ ತೀರ್ಮಾನಿಸಬಲ್ಲದು.

ವಿಷವೆಂದು ಹೆಸರಾದ ಅನಿಲ

ನೈಟ್ರಿಕ್ ಆಕ್ಸೈಡ್ ಎಂಬುದು ಸಾರಜನಕದ ಒಂದು ಪರಮಾಣು ಮತ್ತು ಆಮ್ಲಜನಕದ ಒಂದು ಪರಮಾಣು ಸೇರಿ ಆದ ಬಣ್ಣವಿಲ್ಲದ ಅನಿಲ. ಶಸ್ತ್ರಚಿಕಿತ್ಸೆಯಲ್ಲಿ ಮಂಪರು ಬರಿಸಲು ಬಳಸುವ ನಗೆ ಅನಿಲ ಬೇರೆ, ಇದು ಬೇರೆ. ಸಿಡಿಲಿನ ಕಾವಿನಲ್ಲಿಯೂ ಮೋಟಾರುಗಾಡಿಗಳ ಹೊಗೆಯಲ್ಲಿಯೂ ಇದು ಹುಟ್ಟುತ್ತದೆ. ಗಾಳಿ ಸೋಕಿದರೆ ಕಂದುಬಣ್ಣದ ವಿಷಾನಿಲವಾಗಿ ಮಾರ್ಪಡುತ್ತದೆ. ಇಂತಹ ವಸ್ತುವನ್ನು ದೇಹವು ತಾನಾಗಿಯೇ ತಯಾರಿಸಿಕೊಂಡು ಉಪಯೋಗಿಸುತ್ತದೆಂದು ಬಹುಕಾಲ ಯಾರೂ ಊಹಿಸಿರಲಿಲ್ಲ.

ಅದರ ಸುಳಿವು ದೊರೆತದ್ದು ಒಂದು ಒಗಟಿನಿಂದ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ತುಣುಕುಗಳ ಮೇಲೆ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಪ್ರಯೋಗಿಸುತ್ತಿದ್ದರು. ಕೆಲವು ತುಣುಕುಗಳು ಸಡಿಲಿದರೆ ಕೆಲವು ಬಿಗಿಯುತ್ತಿದ್ದವು. ಕಾರಣವನ್ನು ಹುಡುಕಿ ನೋಡಲಾಗಿ, ತುಣುಕನ್ನು ಅಣಿಮಾಡುವಾಗ ನಾಳದ ಒಳಪೊರೆ ಉಜ್ಜಿಹೋಗಿದ್ದರೆ ಅದು ಸಡಿಲುತ್ತಲೇ ಇರಲಿಲ್ಲ. ಒಂದೇ ಒಂದು ಪದರ ಜೀವಕೋಶಗಳಿಂದಾದ ಆ ಒಳಪೊರೆಯನ್ನು ಅಲ್ಲಿಯವರೆಗೆ ಗೋಡೆಯ ಸುಣ್ಣದಂತೆ ಬರಿಯ ಲೇಪವೆಂದು ಎಣಿಸಿದ್ದವರೇ ಹೆಚ್ಚು. ಅದರಿಂದ ಯಾವುದೋ ಒಂದು ವಸ್ತು ಹೊರಟು ಪಕ್ಕದ ಸ್ನಾಯುವನ್ನು ಸಡಿಲಿಸುತ್ತದೆ ಎಂದು ಫರ್ಚ್‌ಗಾಟ್ 1980ರಲ್ಲಿ ಪ್ರಕಟಿಸಿದರು.

ಇದಕ್ಕೆ ಮುನ್ನವೇ, 1977ರಲ್ಲಿ, ಫೆರಿಡ್ ಮುರಾಡ್ ಎಂಬವರು ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಔಷಧವು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ರಕ್ತನಾಳಗಳನ್ನು ಹಿಗ್ಗಿಸುತ್ತದೆಂದು ಕಂಡಿದ್ದರು. ಒಳಪೊರೆಯ ಆ ಅಜ್ಞಾತ ವಸ್ತುವೂ ಇದೇ ಅನಿಲವಿರಬಹುದೆಂದು ಫರ್ಚ್‌ಗಾಟ್ ಹಾಗೂ ಲೂಯಿ ಇಗ್ನಾರೊ 1986ರಲ್ಲಿ ಸೂಚಿಸಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಸಾಲ್ವಡೋರ್ ಮೊಂಕಾಡಾ ಮತ್ತವರ ಸಂಗಡಿಗರು ಅದಕ್ಕೆ ಪ್ರಯೋಗದ ಬೆಂಬಲ ಒದಗಿಸಿದರು. ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಮೂವರಿಗೂ 1998ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ನೈಟ್ರೋಗ್ಲಿಸರಿನ್ನಿನಿಂದ ಡೈನಮೈಟ್ ತಯಾರಿಸಿ ಸಿರಿವಂತನಾದ ಆಲ್ಫ್ರೆಡ್ ನೊಬೆಲನಿಗೆ ಕೊನೆಗಾಲದಲ್ಲಿ ಹೃದಯದ ಬೇನೆಗೆಂದು ವೈದ್ಯರು ಬರೆದುಕೊಟ್ಟಿದ್ದುದೂ ನೈಟ್ರೋಗ್ಲಿಸರಿನ್ನನ್ನೇ!

ಕೆಲವೇ ಕ್ಷಣಗಳ ಬಾಳು

ನಾಳದ ಒಳಪೊರೆಯು ಈ ಅನಿಲವನ್ನು ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ತಯಾರಿಸುತ್ತದೆ. ಇದಕ್ಕೆಂದೇ ಅಲ್ಲಿ ಒಂದು ಕಿಣ್ವವಿದೆ. ಹುಟ್ಟಿದ ಅನಿಲಕ್ಕೆ ಸಾಗಿಸುವ ವಾಹನ ಬೇಕಿಲ್ಲ. ಅಣು ಅತಿ ಚಿಕ್ಕದಾದುದರಿಂದ ತಾನಾಗಿಯೇ ಪಕ್ಕದ ಸ್ನಾಯುಕೋಶದೊಳಕ್ಕೆ ನುಸುಳುತ್ತದೆ. ಅಲ್ಲಿ ಮತ್ತೊಂದು ಕಿಣ್ವವನ್ನು ಎಚ್ಚರಿಸಿ ಸ್ನಾಯುವನ್ನು ಸಡಿಲಿಸುತ್ತದೆ. ಅದರ ಬಾಳು ಕೆಲವೇ ಸೆಕೆಂಡುಗಳದು. ರಕ್ತದೊಳಕ್ಕೆ ಜಾರಿದ ಭಾಗವನ್ನು ಕೆಂಪುಕಣಗಳ ಹಿಮೋಗ್ಲೋಬಿನ್ ತಡಮಾಡದೆ ಹಿಡಿದುಬಿಡುತ್ತದೆ. ಆದ್ದರಿಂದ ಇದು ಹುಟ್ಟಿದ ಊರಿನಲ್ಲಿಯೇ ಕೆಲಸ ಮುಗಿಸಬೇಕು. ದೂರದ ಅಂಗಗಳಿಗೆ ಇದರ ಅಧಿಕಾರ ನಡೆಯದು. ಸ್ಥಳೀಯ ಹಂಚಿಕೆಗೆ ಇದಕ್ಕಿಂತ ತಕ್ಕ ನೌಕರ ಸಿಕ್ಕುವುದು ಕಷ್ಟ.

ಒಳಪೊರೆಗೆ ಅನಿಲವನ್ನು ತಯಾರಿಸಬೇಕೆಂಬ ಪ್ರೇರಣೆ ಎಲ್ಲಿಂದ ಬರುತ್ತದೆ? ಹಲವು ಕಡೆಗಳಿಂದ. ಅವುಗಳಲ್ಲಿ ಪ್ರಧಾನವಾದುದು ಹರಿಯುವ ರಕ್ತದ ಉಜ್ಜುವಿಕೆ. ರಕ್ತವು ಒಳಪೊರೆಯನ್ನು ಸವರಿಕೊಂಡು ಹರಿದಷ್ಟೂ ಅನಿಲ ಹುಟ್ಟುತ್ತದೆ. ಅನಿಲ ಹುಟ್ಟಿದಷ್ಟೂ ನಾಳ ತೆರೆದುಕೊಂಡು ಹರಿವು ಸುಗಮವಾಗುತ್ತದೆ. ಹರಿವು ಅನಿಲವನ್ನು ಸಾಕುತ್ತದೆ, ಅನಿಲ ಹರಿವನ್ನು ಸಾಕುತ್ತದೆ.

ತೂಬನ್ನು ಮುಚ್ಚುವ ಕೈಯೂ ಇಲ್ಲದಿಲ್ಲ. ಅದೇ ಒಳಪೊರೆಯಿಂದ ಎಂಡೊಥೀಲಿನ್ ಎಂಬ ಇನ್ನೊಂದು ವಸ್ತು ಹೊರಡುತ್ತದೆ. ಜಪಾನಿನ ವಿಜ್ಞಾನಿಗಳು 1988ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು. ಸ್ನಾಯುವನ್ನು ಬಿಗಿಗೊಳಿಸುವುದರಲ್ಲಿ ಇದು ಬಲು ಪ್ರಬಲ. ಇದರ ಪರಿಣಾಮವೂ ದೀರ್ಘಕಾಲ ನಿಲ್ಲುತ್ತದೆ. ಒಂದೇ ಮನೆಯಲ್ಲಿ ಹುಟ್ಟಿದ ಇವೆರಡರ ತೂಕ ಸರಿಯಾಗಿದ್ದರೆ ಕರುಳು ಕ್ಷೇಮ.

ಮೂರು ದಿನದ ಮರಿಗಳ ಪಾಠ

ಎಳೆಗೂಸುಗಳ ಮೇಲೆ ಇಂತಹ ಪ್ರಯೋಗಗಳನ್ನು ನಡೆಸುವಂತಿಲ್ಲ. ಹಂದಿಮರಿಯ ಕರುಳು ರಚನೆಯಲ್ಲಿಯೂ ಕೆಲಸದಲ್ಲಿಯೂ ಮನುಷ್ಯರ ಕೂಸಿನ ಕರುಳಿಗೆ ಬಹಳ ಹತ್ತಿರವಾಗಿರುವುದರಿಂದ ವಿಜ್ಞಾನಿಗಳು ಅದನ್ನು ಆಶ್ರಯಿಸಿದರು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಫಿಲಿಪ್ ನೊವಿಕಿ ಹಾಗೂ ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಮೂರು ದಿನದ ಮರಿಗಳನ್ನೂ ಸುಮಾರು ಐದು ವಾರದ ಮರಿಗಳನ್ನೂ ಹೋಲಿಸಿ ನೋಡಿದರು.

ಮೂರು ದಿನದ ಮರಿಯ ಕರುಳಿನಲ್ಲಿ ರಕ್ತಕ್ಕೆ ಎದುರಾಗುವ ತಡೆ ಕಡಮೆ. ನೆತ್ತರು ಧಾರಾಳವಾಗಿ ಹರಿಯುತ್ತದೆ. ಬೆಳವಣಿಗೆಯ ಭರದಲ್ಲಿರುವ ಅಂಗಕ್ಕೆ ಇದು ಸಹಜವೇ. ಆದರೆ ನೈಟ್ರಿಕ್ ಆಕ್ಸೈಡಿನ ತಯಾರಿಕೆಯನ್ನು ಔಷಧದಿಂದ ತಡೆಹಿಡಿದಾಗ ನಾಳಗಳು ಬಿಗಿದುಕೊಂಡವು. ಈ ಬಿಗಿತ ಎಳೆಯ ಮರಿಗಳಲ್ಲಿಯೇ ಹೆಚ್ಚಾಗಿ ಕಂಡಿತು. ಎಂದರೆ ನವಜಾತ ಕರುಳಿನ ಈ ಸಮೃದ್ಧಿಗೆ ಆಧಾರವಾಗಿದ್ದುದು ಆ ಅನಿಲ. ಬೆಳೆದ ಮರಿಗಳ ಕರುಳು ಅದನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ.

ಒಬ್ಬನನ್ನೇ ನೆಚ್ಚಿದ ಸಂಸಾರದ ಕಷ್ಟ ಇಲ್ಲಿ ಕಾಣುತ್ತದೆ. ಏನೋ ಕಾರಣದಿಂದ ಎಳೆಗರುಳಿನ ರಕ್ತಸಂಚಾರ ಸ್ವಲ್ಪ ಕಾಲ ಕುಗ್ಗಿತೆನ್ನಿ. ಹರಿವು ಕುಗ್ಗಿದರೆ ಉಜ್ಜುವಿಕೆ ಕುಗ್ಗುತ್ತದೆ. ಅದು ಕುಗ್ಗಿದರೆ ಅನಿಲ ಕುಗ್ಗುತ್ತದೆ. ಅನಿಲ ಕುಗ್ಗಿದರೆ ಎಂಡೊಥೀಲಿನ್ನಿನದೇ ಮೇಲುಗೈ. ಆಗ ನಾಳ ಇನ್ನಷ್ಟು ಬಿಗಿದು ಹರಿವು ಮತ್ತಷ್ಟು ಇಳಿಯುತ್ತದೆ. ಮೊದಲು ಪರಸ್ಪರ ಸಾಕುತ್ತಿದ್ದ ಹರಿವು ಅನಿಲಗಳು ಈಗ ಒಂದನ್ನೊಂದು ಕೆಳಕ್ಕೆಳೆಯುತ್ತವೆ.

ದಿನ ತುಂಬದೆ ಹುಟ್ಟಿದವರು

ದಿನ ತುಂಬಿ ಆರೋಗ್ಯವಾಗಿ ಹುಟ್ಟಿದ ಕೂಸು ಈ ಸಂಕಟಕ್ಕೆ ಸಿಕ್ಕುವುದು ಅಪರೂಪ. ಮೂವತ್ತೇಳು ವಾರಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ, ಅದರಲ್ಲಿಯೂ ತೀರ ಎಳವೆಯಲ್ಲಿ ಹುಟ್ಟಿದವರ ಮಾತು ಬೇರೆ. ಇಂತಹವರನ್ನು ಕಾಡುವ ಭಯಂಕರ ರೋಗವೊಂದಿದೆ. ವೈದ್ಯರು ಅದನ್ನು ನೆಕ್ರೊಟೈಜಿಂಗ್ ಎಂಟೆರೊಕೊಲೈಟಿಸ್ ಎಂದು ಕರೆಯುತ್ತಾರೆ. ಕರುಳಿನ ಭಾಗವು ಉರಿದು ಸಾಯುವುದೇ ಇದರ ಲಕ್ಷಣ. ಹುಟ್ಟುವಾಗ ಒಂದೂವರೆ ಕಿಲೋಗ್ರಾಮಿಗಿಂತ ಕಡಮೆ ತೂಗಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 5ರಿಂದ 10 ಮಂದಿಗೆ ಇದು ತಗಲುತ್ತದೆ. ತಗಲಿದವರಲ್ಲಿ ನೂರಕ್ಕೆ 20ರಿಂದ 30 ಮಂದಿ ಉಳಿಯುವುದಿಲ್ಲ.

ಇದರ ಕ್ರೌರ್ಯವಿರುವುದು ಇದು ಬರುವ ಹೊತ್ತಿನಲ್ಲಿ. ಕೂಸು ಮೊದಮೊದಲಿನ ಗಂಡಾಂತರಗಳನ್ನು ದಾಟಿ, ಹಾಲು ಕುಡಿಯಲು ಕಲಿತು, ತೂಕ ಏರುತ್ತಿರುವಾಗ, ತಾಯಿ ತಂದೆಗಳು ಮನೆಗೆ ಹೋಗುವ ದಿನವನ್ನು ಎಣಿಸುತ್ತಿರುವಾಗ, ಎಷ್ಟೋ ವೇಳೆ ಎರಡನೆಯ ಅಥವಾ ಮೂರನೆಯ ವಾರದಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ಹಸುರು ಬಣ್ಣದ ವಾಂತಿಯಾಗುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ, ಕೂಸು ಮಂಕಾಗುತ್ತದೆ. ಸಣ್ಣ ಕರುಳಿನ ಕೊನೆ ಹಾಗೂ ದೊಡ್ಡ ಕರುಳಿನ ಮೊದಲು ಇದರ ಮುಖ್ಯ ನೆಲೆ. ರೋಗ ಬಲಿತರೆ ಶಸ್ತ್ರವೈದ್ಯನು ಸತ್ತ ಕರುಳನ್ನು ಕತ್ತರಿಸಿ ತೆಗೆಯದೆ ವಿಧಿಯಿಲ್ಲ.

ಹಾಗೆ ತೆಗೆದ ಕರುಳಿನ ತುಣುಕುಗಳನ್ನು ಕೊಲಂಬಸ್ಸಿನ ವಿಜ್ಞಾನಿಗಳು ಪರೀಕ್ಷಿಸಿದರು. ರೋಗ ತಗಲಿದ ಭಾಗಗಳಲ್ಲಿ ಎಂಡೊಥೀಲಿನ್ ಹೆಚ್ಚಾಗಿದ್ದು ಕಿರುಧಮನಿಗಳು ಬಿಗಿದುಕೊಂಡಿದ್ದವೆಂದು 2005ರಲ್ಲಿ ಪ್ರಕಟಿಸಿದರು. 2007ರಲ್ಲಿ ಬಂದ ಇನ್ನೊಂದು ಶೋಧ ಮತ್ತೂ ಅರ್ಥಗರ್ಭಿತ: ಅನಿಲವನ್ನು ತಯಾರಿಸುವ ಕಿಣ್ವವು ಒಳಪೊರೆಯಲ್ಲಿ ಇದ್ದೇ ಇತ್ತು, ಆದರೂ ಹರಿವು ಹೆಚ್ಚಿದಾಗ ನಾಳವು ಹಿಗ್ಗುತ್ತಿರಲಿಲ್ಲ. ನೀರುಗಂಟಿ ಊರಲ್ಲಿಯೇ ಇದ್ದಾನೆ, ಕೂಗಿದರೆ ಓಗೊಡುತ್ತಿಲ್ಲ ಎಂಬಂತಹ ಸ್ಥಿತಿ.

ರಕ್ತದ ಕೊರತೆಯೊಂದೇ ಈ ರೋಗಕ್ಕೆ ಕಾರಣವೆಂದು ತಿಳಿಯಬಾರದು. ಬಲಿಯದ ಕರುಳಿನ ಪೊರೆ, ಅಲ್ಲಿ ನೆಲೆಸುವ ರೋಗಾಣುಗಳು, ಅವುಗಳ ವಿರುದ್ಧ ದೇಹವು ತೋರುವ ಅತಿರೇಕದ ಪ್ರತಿಭಟನೆ, ಕೊಟ್ಟ ಆಹಾರದ ಬಗೆ ಇವೆಲ್ಲ ಸೇರಿ ರೋಗವನ್ನು ಹುಟ್ಟಿಸುತ್ತವೆ. ರೋಗಾಣುಗಳ ವಿಷ ಸೋಕಿದಾಗ ನಾಳದ ಒಳಪೊರೆಯ ಅನಿಲ ತಯಾರಿಕೆ ಕುಂದುತ್ತದೆಂಬುದೂ ಇಲಿಮರಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದಿದೆ.

ಅತಿಯಾದರೆ ಅಮೃತವೂ ವಿಷ

ಹಾಗಾದರೆ ಕೂಸಿನ ದೇಹಕ್ಕೆ ಈ ಅನಿಲವನ್ನು ಹೊರಗಿನಿಂದ ತುಂಬಿದರೆ ಸಾಲದೆ ಎಂದು ಯಾರಿಗಾದರೂ ತೋರಬಹುದು. ಸಂಗತಿ ಅಷ್ಟು ಸರಳವಲ್ಲ. ಉರಿಯೂತ ಎದ್ದಾಗ ಕರುಳಿನ ಪೊರೆಯಲ್ಲಿ ಇದೇ ಅನಿಲವನ್ನು ತಯಾರಿಸುವ ಬೇರೊಂದು ಕಿಣ್ವ ತಲೆಯೆತ್ತುತ್ತದೆ. ಅದು ಅಳತೆಯಿಲ್ಲದೆ ಅನಿಲವನ್ನು ಸುರಿಯುತ್ತದೆ. ಹೀಗೆ ಹೆಚ್ಚಾದ ಅನಿಲವು ಆಮ್ಲಜನಕದ ಉಗ್ರರೂಪವೊಂದರೊಡನೆ ಕೂಡಿ ಪೆರಾಕ್ಸಿನೈಟ್ರೈಟ್ ಎಂಬ ಘಾತುಕ ವಸ್ತುವಾಗಿ ಕರುಳಿನ ಕೋಶಗಳನ್ನೇ ಕೊಲ್ಲುತ್ತದೆ. ಒಳಪೊರೆಯಲ್ಲಿ ಹನಿಹನಿಯಾಗಿ ಹುಟ್ಟಿದರೆ ರಕ್ಷಕ, ಉರಿಯೂತದಲ್ಲಿ ಹೊಳೆಯಾಗಿ ಹರಿದರೆ ಭಕ್ಷಕ.

ನೈಟ್ರಿಕ್ ಆಕ್ಸೈಡನ್ನು ಉಸಿರಿನಲ್ಲಿ ಕೊಡುವ ಚಿಕಿತ್ಸೆಯೇನೋ ಇದೆ. ದಿನ ತುಂಬಿ ಅಥವಾ ತುಂಬುವ ಹತ್ತಿರದಲ್ಲಿ ಹುಟ್ಟಿಯೂ ಶ್ವಾಸಕೋಶದ ರಕ್ತನಾಳಗಳು ತೆರೆಯದೆ ನೀಲಿಗಟ್ಟುವ ಶಿಶುಗಳಿಗಾಗಿ ಅಮೆರಿಕವು 1999ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಅದು ಶ್ವಾಸಕೋಶದ ಚಿಕಿತ್ಸೆಯೇ ಹೊರತು ಕರುಳಿನದಲ್ಲ. ಅನಿಲದ ಕಚ್ಚಾಸಾಮಗ್ರಿಯಾದ ಆರ್ಜಿನೀನನ್ನು ಆಹಾರದೊಡನೆ ಕೊಟ್ಟುನೋಡುವ ಪ್ರಯತ್ನವೂ ನಡೆದಿದೆ. ಕೆನಡದ ಕ್ಯಾಲ್ಗರಿಯಲ್ಲಿ 152 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಹೊರಬಂದಿತು. ಆರ್ಜಿನೀನ್ ದೊರೆಯದ ಗುಂಪಿನಲ್ಲಿ ನೂರಕ್ಕೆ 27 ಮಂದಿಗೆ ರೋಗ ಬಂದರೆ ದೊರೆತ ಗುಂಪಿನಲ್ಲಿ ಬಂದದ್ದು ನೂರಕ್ಕೆ 7 ಮಂದಿಗೆ. ಫಲಿತಾಂಶ ಆಶಾದಾಯಕವಾದರೂ ಪರೀಕ್ಷೆ ಚಿಕ್ಕದಾದುದರಿಂದ ಅದನ್ನೇ ನಂಬಿ ಎಲ್ಲ ಶಿಶುಗಳಿಗೂ ಕೊಡುವ ಪದ್ಧತಿ ರೂಢಿಗೆ ಬರಲಿಲ್ಲ.

ತಾಯ ಹಾಲಿನ ಮಹಿಮೆ

ಔಷಧಗಳ ಕಥೆ ಹೀಗೆ ಅರ್ಧದಲ್ಲಿ ನಿಂತಿದ್ದರೂ ಒಂದು ರಕ್ಷೆ ಮಾತ್ರ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧಪಟ್ಟಿದೆ. ಬ್ರಿಟನ್ನಿನ ಲೂಕಸ್ ಮತ್ತು ಕೋಲ್ ಎಂಬ ವಿಜ್ಞಾನಿಗಳು ದಿನ ತುಂಬದ 926 ಶಿಶುಗಳನ್ನು ಗಮನಿಸಿ 1990ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಬರಿಯ ಹಾಲಿನಪುಡಿಯ ಮೇಲೆ ಬೆಳೆದ ಶಿಶುಗಳಲ್ಲಿ ಈ ಕರುಳಿನ ರೋಗವು ಬರಿಯ ಮೊಲೆಹಾಲನ್ನು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಾಗಿತ್ತು. ಹಾಲಿನಪುಡಿಯ ಜತೆಗೆ ಮೊಲೆಹಾಲೂ ದೊರೆತವರೊಡನೆ ಹೋಲಿಸಿದರೂ ಮೂರು ಪಟ್ಟು ಹೆಚ್ಚಾಗಿತ್ತು.

ಮೊಲೆಹಾಲು ಕಾಪಾಡುವ ಬಗೆಗಳು ಅನೇಕ. ಅದರಲ್ಲಿ ರೋಗಾಣುಗಳನ್ನು ತಡೆಯುವ ವಸ್ತುಗಳಿವೆ. ಹಿತಕರವಾದ ಸೂಕ್ಷ್ಮಜೀವಿಗಳನ್ನು ಸಾಕುವ ಸಕ್ಕರೆಗಳಿವೆ. ಇವುಗಳ ಜತೆಗೆ ನೈಟ್ರೇಟ್, ನೈಟ್ರೈಟ್ ಎಂಬ ಲವಣಗಳೂ ಇವೆ. ಒಳಪೊರೆಯ ಕಾರ್ಖಾನೆ ನಿಂತಾಗಲೂ ದೇಹವು ಈ ಲವಣಗಳಿಂದ ನೈಟ್ರಿಕ್ ಆಕ್ಸೈಡನ್ನು ಪಡೆಯಬಲ್ಲದು. ಅಮೆರಿಕದ ಪಿಟ್ಸ್‌ಬರ್ಗಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾಲಿನಪುಡಿಯ ಆಹಾರಕ್ಕೆ ನೈಟ್ರೇಟನ್ನು ಬೆರೆಸಿ ಇಲಿಮರಿಗಳಿಗೆ ಕೊಟ್ಟಾಗ ಕರುಳಿನ ರಕ್ತಸಂಚಾರ ಸುಧಾರಿಸಿ ರೋಗದ ಉಗ್ರತೆ ಇಳಿಯಿತು. ಇದನ್ನೋದಿ ಯಾರೂ ಮನೆಯಲ್ಲಿ ಪ್ರಯೋಗಕ್ಕೆ ಕೈಹಾಕಬಾರದು. ನೈಟ್ರೇಟ್ ಹೆಚ್ಚಾಗಿರುವ ಬಾವಿಯ ನೀರಿನಲ್ಲಿ ಕಲಸಿದ ಹಾಲಿನಪುಡಿಯಿಂದ ಎಳೆಗೂಸಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವುದುಂಟೆಂದು 1945ರಿಂದಲೂ ವೈದ್ಯರಿಗೆ ತಿಳಿದಿದೆ. ಅಳತೆಯನ್ನು ಅರಿತು ಕೊಡುವ ವಿದ್ಯೆ ತಾಯಿಯ ದೇಹಕ್ಕೆ ಇದೆ, ನಮ್ಮ ಚಮಚೆಗೆ ಇಲ್ಲ.

ತಾಯಿಗೆ ಹಾಲು ಸಾಲದಿದ್ದಲ್ಲಿ, ಅಥವಾ ಆಕೆ ತೀವ್ರ ಅಸ್ವಸ್ಥೆಯಾಗಿದ್ದಲ್ಲಿ, ಬೇರೆ ತಾಯಂದಿರು ದಾನವಾಗಿತ್ತ ಹಾಲನ್ನು ಶುದ್ಧೀಕರಿಸಿ ಕೊಡುವ ವ್ಯವಸ್ಥೆಯೂ ಇದೆ. ಏಷ್ಯದಲ್ಲೇ ಮೊದಲನೆಯ ಇಂತಹ ಹಾಲಿನ ಭಂಡಾರವನ್ನು ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಸ್ಥಾಪಿಸಿದರು. ಬಳಿಕ ದೇಶದ ಹಲವು ನಗರಗಳಲ್ಲಿ ಹಾಲಿನ ಭಂಡಾರಗಳು ತಲೆಯೆತ್ತಿವೆ.

ಮನೆಯವರ ಪಾಲಿನ ಕೆಲಸ

ಹೆರಿಗೆಯಾದ ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಕೆಲವು ಮನೆಗಳಲ್ಲಿ ಇಂದಿಗೂ ಅಳಿದಿಲ್ಲ. ಅದರ ಬದಲಿಗೆ ಸಕ್ಕರೆನೀರು, ಜೇನುತುಪ್ಪ, ಹರಳೆಣ್ಣೆಗಳನ್ನು ನೆಕ್ಕಿಸುವುದೂ ಉಂಟು. ಹಿರಿಯರ ಅಕ್ಕರೆಯಲ್ಲಿ ಕೊರತೆಯಿಲ್ಲ. ಆದರೆ ಕೂಸಿನ ಕರುಳಿಗೆ ಇವು ಯಾವುವೂ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು. ಮೊದಲ ಗಂಟೆಯೊಳಗೆ ಮೊಲೆಯೂಡಿಸಬೇಕು, ಆರು ತಿಂಗಳು ಮೊಲೆಹಾಲಲ್ಲದೆ ಬೇರೇನನ್ನೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚೆಲ್ಲಿಹೋಗುವ ಆ ಹಳದಿ ಹಾಲಿನಲ್ಲಿ ರೋಗನಿರೋಧಕ ವಸ್ತುಗಳು ಹೇರಳವಾಗಿವೆ. ನೈಟ್ರಿಕ್ ಆಕ್ಸೈಡಿನ ಮೂಲವಾದ ನೈಟ್ರೈಟ್ ಕೂಡ ಅದರಲ್ಲಿ ಮುಂದಿನ ದಿನಗಳ ಹಾಲಿಗಿಂತ ಅಧಿಕ.

ದಿನ ತುಂಬದೆ ಹುಟ್ಟಿದ ಕೂಸು ಗಾಜಿನ ಪೆಟ್ಟಿಗೆಯಲ್ಲಿದ್ದು ಮೊಲೆ ಚೀಪಲಾರದಿದ್ದರೂ ತಾಯಿ ಎದೆಗುಂದಬೇಕಾಗಿಲ್ಲ. ಹಿಂಡಿಕೊಟ್ಟ ಹಾಲನ್ನು ದಾದಿಯರು ಸಣ್ಣ ಕೊಳವೆಯ ಮೂಲಕ ತೊಟ್ಟುತೊಟ್ಟಾಗಿ ಉಣಿಸುತ್ತಾರೆ. ಆ ದಿನಗಳಲ್ಲಿ ಬಾಣಂತಿಗೆ ವಿಶ್ರಾಂತಿಯನ್ನೂ ಒಳ್ಳೆಯ ಊಟವನ್ನೂ ನಾಲ್ಕು ಧೈರ್ಯದ ಮಾತುಗಳನ್ನೂ ಒದಗಿಸುವುದು ಗಂಡನ, ಅತ್ತೆಯ, ತವರಿನವರ ಕರ್ತವ್ಯ. ಮನೆಗೆ ಬಂದ ಬಳಿಕ ಕೂಸಿನ ಹೊಟ್ಟೆ ಉಬ್ಬಿದರೆ, ಹಸುರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಹಾಲು ಬಿಟ್ಟು ಮಂಕಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಈ ರೋಗದಲ್ಲಿ ಗಂಟೆಗಳಿಗೂ ಬೆಲೆಯುಂಟು.

ಎಳೆಗರುಳಿನ ನೀರುಗಂಟಿಗೆ ಬಾಳು ಕೆಲವೇ ಕ್ಷಣಗಳದ್ದಾದರೂ ಅವನು ಕೇಳುವುದು ಹೆಚ್ಚೇನಲ್ಲ. ನೆತ್ತರು ನಿಲ್ಲದೆ ಹರಿಯುತ್ತಿರಬೇಕು, ಉರಿಯೂತ ಏಳದಂತಿರಬೇಕು, ತಾಯ ಹಾಲು ಹನಿಯಾದರೂ ದಿನವೂ ಸಲ್ಲುತ್ತಿರಬೇಕು. ಮೊದಲಿನ ಎರಡನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಮೂರನೆಯದು ಮನೆಯವರ ಕೈಯಲ್ಲಿದೆ.